ತಾಂಡೇಲರ ನೋಟ್‌ಬುಕ್ಕು

ಹೊನ್ನಾವರದ ಕಾಸರಕೋಡು ಬಂದರಿನಲ್ಲಿ ದಕ್ಕೆಗೆ ಕಟ್ಟಿದ್ದ ಟ್ರಾಲ್ ಬೋಟೊಂದರ ಕ್ಯಾಬಿನ್ನಿನೊಳಕ್ಕೆ ತಲೆ ತಗ್ಗಿಸಿ ಹೊಕ್ಕಾಗ ನಾನು ನೋಡಬಯಸಿದ್ದುದು ಯಂತ್ರಗಳನ್ನು. ಜಿಪಿಎಸ್, ಫಿಶ್ ಫೈಂಡರ್, ವಾಯರ್‌ಲೆಸ್ ಎಲ್ಲವೂ ಯಥಾಸ್ಥಾನದಲ್ಲಿದ್ದವು. ಆದರೆ ಇಂದಿಗೂ ನನ್ನ ಮನಸ್ಸನ್ನು ಬಿಡದೆ ಹಿಡಿದಿರುವುದು, ಆ ಯಂತ್ರಗಳ ಬೆನ್ನಿಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸಿಕ್ಕಿಸಿದ್ದ, ಮೀನಿನ ವಾಸನೆಯನ್ನೂ ಡೀಸೆಲ್ಲಿನ ಕಲೆಯನ್ನೂ ಹೀರಿಕೊಂಡಿದ್ದ ಒಂದು ಶಾಲಾ ನೋಟ್‌ಬುಕ್ಕು. ಪುಟದ ಎಡಕ್ಕೆ 14ರಿಂದ ತೊಡಗುವ ಅಕ್ಷಾಂಶಗಳು, ಬಲಕ್ಕೆ 73 ಇಲ್ಲವೆ 74ರಿಂದ ತೊಡಗುವ ರೇಖಾಂಶಗಳು. ಒಂದೊಂದರ ಮುಂದೆ ‘ಕಲ್ಲು’, ‘ಬಲೆ ಹರಿದದ್ದು’, ‘ಸಿಗಡಿ, ಮಳೆ ಹೋದ ಮೇಲೆ’ ಎಂಬಂಥ ಟಿಪ್ಪಣಿ. ನಾನು ಬಗ್ಗಿ ಓದಲು ತೊಡಗುತ್ತಲೇ ಬೋಟು ನಡೆಸುವ ತಾಂಡೇಲರ ಅಂಗೈ ಪುಟದ ಕೆಳಾರ್ಧದ ಮೇಲೆ ಬಂದು ಕುಳಿತಿತು. “ಇದ್ ಎಲ್ರಿಗೂ ತೋರ್ಸೂದಲ್ಲ ಸರ್” ಎಂದು ನಕ್ಕರು.

ಅಮೆರಿಕದ ಸೇನೆಯು ನಾಗರಿಕರಿಗೆ ಬುದ್ಧಿಪೂರ್ವಕವಾಗಿ ಮಸುಕುಗೊಳಿಸಿಯೇ ಕೊಡುತ್ತಿದ್ದ ಜಿಪಿಎಸ್ ಸಂಕೇತವು 2000ದ ಮೇ 2ರಂದು ನಿಚ್ಚಳವಾಗಿ, 100 ಮೀಟರಿನಷ್ಟಿದ್ದ ತಪ್ಪು ಸುಮಾರು 20 ಮೀಟರಿಗೆ ಇಳಿದುದು ನಮ್ಮ ಕರಾವಳಿಯ ಚರಿತ್ರೆಯಲ್ಲಿ ಬರೆದಿಡಬೇಕಾದ ದಿನ; ಮುಳುಗಿದ ಬಂಡೆಯ ಅಂಚಿನಲ್ಲೇ ಬಲೆ ಎಳೆಯುವವನಿಗೆ ಆ ವ್ಯತ್ಯಾಸವೆಂದರೆ ಇಡೀ ಒಂದು ಬಲೆಯ ಬೆಲೆ. ಅದಕ್ಕೆ ಮುನ್ನ ನೇತ್ರಾಣಿಯ ನಡುಗಡ್ಡೆ, ಬಸವರಾಜದುರ್ಗ, ಘಟ್ಟದ ಶಿಖರಗಳು ಒಂದರ ಹಿಂದೊಂದು ಸರಿಯಾಗಿ ಬಂದಾಗ ಇಲ್ಲಿಯೇ ಎಂದು ತಿಳಿಯುವ ವಿದ್ಯೆಯಿತ್ತು. ಕಲಾಸಿಯಾಗಿ ವರ್ಷಗಟ್ಟಲೆ ಹಗ್ಗ ಎಳೆದವನಿಗಲ್ಲದೆ ಅದು ಲಭಿಸುತ್ತಿರಲಿಲ್ಲ.

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯು ಕಡಲ ಮೇಲ್ಮೈಯ ಉಷ್ಣತೆಯನ್ನೂ ನೀರಿನ ಹರಿದ್ವರ್ಣವನ್ನೂ ಉಪಗ್ರಹದಿಂದ ಅಳೆದು, ಯಾವ ಬಂದರಿನಿಂದ ಯಾವ ದಿಕ್ಕಿಗೆ ಎಷ್ಟು ದೂರದಲ್ಲಿ, ಎಷ್ಟು ಆಳದಲ್ಲಿ ಮೀನು ಇರುವ ಸಂಭವವಿದೆಯೆಂದು ಕನ್ನಡದಲ್ಲಿಯೂ ತಿಳಿಸುತ್ತದೆ. ಆದರೆ ಮೋಡ ಕವಿದರೆ ಉಪಗ್ರಹದ ಆ ಕಣ್ಣು ಕುರುಡು. ತಾಂಡೇಲರ ವಿಮರ್ಶೆ ಇನ್ನೂ ಕಟು: “ಮೀನ್ ಉಂಟು ಅಂತ ಅದು ಹೇಳೂದಿಲ್ಲ, ಇರ್ಬಹುದು ಅಂತ ಹೇಳ್ತದೆ. ಅಷ್ಟು ನಂಗೂ ಹೇಳೂಕೆ ಬತ್ತದೆ.” ಶರಾವತಿಯ ಅಳಿವೆಯಲ್ಲಂತೂ ಮರಳದಿಬ್ಬವು ಜಾಗ ಬದಲಿಸುತ್ತಲೇ ಇರುವುದರಿಂದ, ಹಿಂದಿನ ವರ್ಷದ ಅಂಕವನ್ನು ನಂಬಿದವನ ಬೋಟು ಹೂಳಿನ ಮೇಲೇರುವುದು ನಿಶ್ಚಯ, ಅಲ್ಲಿ ಅವರು ಪರದೆಯನ್ನು ನೋಡದೆ ತೆರೆ ಒಡೆಯುವ ಬಗೆಯನ್ನೇ ನೋಡುತ್ತಾರೆ.

ಯಂತ್ರದಲ್ಲೇ ಅಂಕಗಳನ್ನು ಉಳಿಸಿಡಬಹುದಾಗಿರುವಾಗ ಕಾಗದವೇಕೆಂದು ಕೇಳಿದೆ. ಯಂತ್ರ ಬೋಟಿನ ಮಾಲೀಕರದ್ದು, ಪುಸ್ತಕ ತನ್ನದು ಎಂದರು. ಒಂದು ಬೋಟು ಬಿಟ್ಟು ಇನ್ನೊಂದಕ್ಕೆ ಹೋಗುವ ತಾಂಡೇಲನು ಜಿಪಿಎಸ್ಸಿನ ನೆನಪನ್ನೆಲ್ಲ ಅಳಿಸಿ ಹೋಗುವುದುಂಟಂತೆ. ಅದನ್ನರಿತ ಮಾಲೀಕನು ಕೊನೆಯ ಸಂಬಳದ ಲೆಕ್ಕಕ್ಕೆ ಮೊದಲೇ ಯಂತ್ರವನ್ನು ಬಿಚ್ಚಿ ಮನೆಗೊಯ್ಯುವುದೂ ಉಂಟಂತೆ. ಬೆಟ್ಟ ನಡುಗಡ್ಡೆಗಳ ಲೆಕ್ಕವಿದ್ದ ಕಾಲದಲ್ಲಿ ಈ ವಿವಾದ ಹುಟ್ಟಲು ಎಡೆಯೇ ಇರಲಿಲ್ಲ. ಬುರುಡೆಯೊಳಗಿನದನ್ನು ಯಾರು ಬಿಚ್ಚಿ ಒಯ್ದಾರು? ಜ್ಞಾನವು ಅಂಕೆಯಾದ ಕ್ಷಣವೇ ಸೊತ್ತೂ ಆಯಿತು. ಕುಮಟೆಯ ಕಾಲೇಜಿನಲ್ಲಿ ಓದುವ ಅಕ್ಕನ ಮಗ, ಎಲ್ಲವನ್ನೂ ಫೋನಿಗೆ ತುಂಬಿಸಿಕೊಡುತ್ತೇನೆ ಮಾವ ಎಂದರೂ ಅವರು ಒಪ್ಪಿಲ್ಲ. ಅದೇ ಫೋನಿನ ವಾಟ್ಸಾಪ್ ಗುಂಪಿನಲ್ಲಿ ಭಟ್ಕಳದ, ತದಡಿಯ, ಮಲ್ಪೆಯ ಬಂಗುಡೆ ದರವನ್ನು ಸಂಜೆಯೊಳಗೆ ಎಲ್ಲರೂ ಎಲ್ಲರಿಗೂ ಧಾರಾಳವಾಗಿ ಹಂಚುತ್ತಾರೆ. ಬಂಗುಡೆ ಸಿಕ್ಕಿದ ಜಾಗವನ್ನು ಮಾತ್ರ ಒಬ್ಬನೂ ಹಂಚಿದುದಿಲ್ಲ.

ಈ ಗುಟ್ಟುಗಾರಿಕೆಯ ಮೇಲೆ ನನಗೆ ಮೋಹವಿದ್ದರೂ, ಒಂದು ಸಂದರ್ಭದಲ್ಲಿ ಅದು ದುಬಾರಿಯೆಂದೇ ನನ್ನ ಎಣಿಕೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯೊಡನೆ ಕಣ್ಮರೆಯಾಯಿತು. ಅವರಲ್ಲಿ ಐವರು ಉತ್ತರ ಕನ್ನಡದವರು. ಅದರ ಅವಶೇಷವನ್ನು ಮಾಲ್ವಣದ ಕಡಲತಳದಲ್ಲಿ ನೌಕಾಪಡೆ ಗುರುತಿಸಿದುದು 2019ರ ಮೇ ತಿಂಗಳಲ್ಲಿ. ಇಸ್ರೋ ರೂಪಿಸಿದ, ಮೊಬೈಲ್ ಸಂಕೇತ ಸಿಗದ ಆಳಸಮುದ್ರದಿಂದಲೂ ಉಪಗ್ರಹದ ಮೂಲಕ ಎರಡೂ ಕಡೆ ಸಂದೇಶ ಸಾಗಿಸುವ ಟ್ರಾನ್ಸ್‌ಪಾಂಡರನ್ನು 13 ಕರಾವಳಿ ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ 1 ಲಕ್ಷ ಬೋಟುಗಳಿಗೆ ಉಚಿತವಾಗಿ ಅಳವಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಚಾಲನೆ ದೊರೆಯಿತು. ಇದನ್ನು ಹೊಗಳಿ ನಾನು ಸಾಕಷ್ಟು ಉದ್ದದ ಭಾಷಣವನ್ನೇ ಮಾಡಿದೆ. ತಾಂಡೇಲರು ಪೂರ್ತಿ ಕೇಳಿ, ನೋಟ್‌ಬುಕ್ಕನ್ನು ಚೀಲಕ್ಕೆ ಸೇರಿಸುತ್ತ, ನಾವು ಬಲೆ ಬಿಟ್ಟ ಜಾಗ ಅದರಿಂದ ಯಾರಿಗೆಲ್ಲ ಕಾಣುತ್ತದೆ ಎಂದು ವಿಚಾರಿಸಿದರು. ಸರಕಾರದ ನಿಯಂತ್ರಣ ಕೇಂದ್ರದವರಿಗೆ, ಎಂದೆ.

“ಅಲ್ ಕೂತವ್ರ ಭಾವಂದೊಂದು ಬೋಟಿದ್ರೆ?”

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಮೀನುಗಾರಿಕಾ ಇಲಾಖೆಯವರ ಬಳಿ ಇದ್ದರೆ ದಕ್ಕೆಯ ಮೇಲೆಯೇ ನಿಂತು ಹೇಳುವುದು ಲೇಸು.