ಅಂಕಿಗಳಿಗೆ ಆಕಾರ ಕೊಟ್ಟ ಆಸಾಮಿ

1786ರಲ್ಲಿ ಲಂಡನ್ನಿನಲ್ಲಿ ಒಂದು ವಿಚಿತ್ರ ಅಟ್ಲಾಸ್ ಹೊರಬಂತು. ಹೆಸರಿಗೆ ಅಟ್ಲಾಸ್, ಒಳಗೆ ಒಂದೇ ಒಂದು ಭೂಪಟವಿಲ್ಲ. ನದಿ, ಬೆಟ್ಟ, ಊರುಗಳಿರಬೇಕಾದ ಪುಟಗಳಲ್ಲಿ ಏರುವ, ಇಳಿಯುವ, ಒಂದನ್ನೊಂದು ದಾಟುವ ಬಣ್ಣದ ಗೆರೆಗಳು. ‘ದಿ ಕಮರ್ಷಿಯಲ್ ಅಂಡ್ ಪೊಲಿಟಿಕಲ್ ಅಟ್ಲಾಸ್’ ಎಂಬ ಆ ಪುಸ್ತಕದಲ್ಲಿ ಒಟ್ಟು 44 ಚಿತ್ರಗಳಿದ್ದವು. ಅವುಗಳಲ್ಲಿ 43, ವರ್ಷಗಳು ಉರುಳಿದಂತೆ ವ್ಯಾಪಾರವೋ ಸಾಲವೋ ಖರ್ಚೋ ಹೇಗೆ ಏರಿಳಿಯಿತೆಂದು ತೋರಿಸುವಂಥವು. ಉಳಿದ ಒಂದು ಬೇರೆ ಜಾತಿಯದು.

ಆ ಒಂದರ ಹುಟ್ಟೇ ಒಂದು ಪೇಚು. ಇಂಗ್ಲೆಂಡಿನ ಆಮದು ರಫ್ತಿಗೆ 1700ರಿಂದ ಈಚೆಗಿನ ಲೆಕ್ಕ ಲೇಖಕನ ಕೈಯಲ್ಲಿತ್ತು. ಸ್ಕಾಟ್ಲೆಂಡಿನ ಮಟ್ಟಿಗೆ ಅವನಿಗೆ ದಕ್ಕಿದ್ದು ಒಂದೇ ವರ್ಷದ ಲೆಕ್ಕ: 1780ರ ಕ್ರಿಸ್‌ಮಸ್‌ನಿಂದ 1781ರ ಕ್ರಿಸ್‌ಮಸ್‌ವರೆಗೆ. ಒಂದೇ ವರ್ಷವೆಂದರೆ ಒಂದೇ ಚುಕ್ಕಿ. ಚುಕ್ಕಿಯೊಂದರಿಂದ ಗೆರೆ ಎಳೆಯುವುದು ಹೇಗೆ? ಅವನು ಕಾಲವನ್ನು ಕೈಬಿಟ್ಟು ದೇಶಗಳನ್ನು ಹಿಡಿದ. ಸ್ಕಾಟ್ಲೆಂಡ್ ವ್ಯಾಪಾರ ಮಾಡುತ್ತಿದ್ದ 17 ನೆಲೆಗಳ ಹೆಸರನ್ನು ಒಂದರ ಕೆಳಗೊಂದು ಬರೆದು, ಪ್ರತಿಯೊಂದಕ್ಕೂ ಎರಡೆರಡು ಪಟ್ಟಿ ಎಳೆದ. ಒಂದು ಆಮದಿನದು, ಇನ್ನೊಂದು ರಫ್ತಿನದು. ಹಣ ಹೆಚ್ಚಿದ್ದಷ್ಟು ಪಟ್ಟಿ ಉದ್ದ. ಅವನಿಗೇ ಇದು ಅಷ್ಟಾಗಿ ಹಿಡಿಸಲಿಲ್ಲ. ಕಾಲದ ಓಟ ಇದರಲ್ಲಿ ಕಾಣುವುದಿಲ್ಲ, ಆದ್ದರಿಂದ ಇದು ಉಳಿದವಕ್ಕಿಂತ ಕೀಳು ಎಂದು ಓದುಗರಿಗೆ ಸಮಜಾಯಿಷಿಯನ್ನೂ ಕೊಟ್ಟ. ಅಂಕಿಅಂಶ ಸಾಲದೆ ಹೊಳೆದ ಆ ಉಪಾಯವೇ ಇಂದಿನ ಬಾರ್ ಚಾರ್ಟ್.

ಈ ಆಸಾಮಿಯ ಹೆಸರು ವಿಲಿಯಂ ಪ್ಲೇಫೇರ್. 1759ರಲ್ಲಿ ಸ್ಕಾಟ್ಲೆಂಡಿನ ಡಂಡಿ ಹತ್ತಿರದ ಲಿಫ್ ಎಂಬಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ. 1772ರಲ್ಲಿ ತಂದೆ ತೀರಿಕೊಂಡಾಗ ಸಾಕಿ ಕಲಿಸುವ ಹೊಣೆ ಅಣ್ಣ ಜಾನ್ ಮೇಲೆ ಬಿತ್ತು. ಈ ಜಾನ್ ಪ್ಲೇಫೇರ್ ಮುಂದೆ ಎಡಿನ್‌ಬರೋದಲ್ಲಿ ಗಣಿತದ ಪ್ರಾಧ್ಯಾಪಕನಾಗಿ, ಭೂವಿಜ್ಞಾನದಲ್ಲೂ ಹೆಸರು ಮಾಡಿದವನು. ತಮ್ಮನಿಗೆ ಅವನು ಕೊಟ್ಟ ಮನೆಪಾಠ ತೀರ ಸರಳವಾಗಿತ್ತು: ಉಷ್ಣಮಾಪಕ ನೋಡು, ದಿನದ ಅಳತೆ ಬರೆದಿಡು, ಆ ಏರಿಳಿತವನ್ನು ಅಳತೆಪಟ್ಟಿಯ ಮೇಲೆ ಗೆರೆಯಾಗಿ ಎಳೆ. ಅಂಕಿಯಲ್ಲಿ ಹೇಳಬಹುದಾದದ್ದನ್ನೆಲ್ಲ ಗೆರೆಯಲ್ಲೂ ತೋರಿಸಬಹುದೆಂದು ತನಗೆ ಕಲಿಸಿದವನು ಅಣ್ಣನೇ ಎಂದು ವಿಲಿಯಂ ಕೊನೆಯವರೆಗೂ ಒಪ್ಪಿಕೊಂಡ.

ಗೆರೆಯಲ್ಲಿ ಅಳತೆ ತೋರಿಸುವುದು ಆಗ ಹೊಸತೇನಲ್ಲ. ದೆಕಾರ್ತ್ 1637ರಲ್ಲೇ ಬೀಜಗಣಿತವನ್ನೂ ರೇಖಾಗಣಿತವನ್ನೂ ಬೆಸೆದಿದ್ದ. 1644ರಲ್ಲಿ ಮೈಕೆಲ್ ವ್ಯಾನ್ ಲ್ಯಾಂಗ್ರೆನ್, ಟೊಲೆಡೊ ಮತ್ತು ರೋಮ್ ನಗರಗಳ ನಡುವಿನ ರೇಖಾಂಶದ ಅಂತರವನ್ನು ಹನ್ನೆರಡು ಪಂಡಿತರು ಎಷ್ಟೆಷ್ಟೆಂದು ಎಣಿಸಿದ್ದರೋ ಅದನ್ನೆಲ್ಲ ಒಂದೇ ಗೆರೆಯ ಮೇಲೆ ಗುರುತಿಸಿ, ಅವರ ಲೆಕ್ಕ ಎಷ್ಟು ಚೆಲ್ಲಾಪಿಲ್ಲಿ ಎಂಬುದನ್ನು ಬಯಲಿಗಿಟ್ಟಿದ್ದ. ನಿಜವಾದ ಅಂತರಕ್ಕಿಂತ ಹನ್ನೆರಡೂ ಹೆಚ್ಚೇ ಇದ್ದವು. 1669ರಲ್ಲಿ ಕ್ರಿಸ್ಟಿಯಾನ್ ಹೈಗೆನ್ಸ್, ಲಂಡನ್ನಿನ ಸಾವಿನ ಲೆಕ್ಕವನ್ನಿಟ್ಟುಕೊಂಡು ಯಾವ ವಯಸ್ಸಿಗೆ ಎಷ್ಟು ಜನ ಉಳಿಯುತ್ತಾರೆ ಎಂಬ ವಕ್ರರೇಖೆ ಎಳೆದ. 1765ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಸುಮಾರು ಎರಡು ಸಾವಿರ ಪ್ರಸಿದ್ಧರ ಬಾಳನ್ನು ಹುಟ್ಟಿನಿಂದ ಸಾವಿನವರೆಗಿನ ಗೆರೆಗಳಾಗಿ ಒಂದೇ ಹಾಳೆಯ ಮೇಲೆ ಹರವಿದ. ಇವೆಲ್ಲ ಬಿಡಿಬಿಡಿ ಪ್ರಯತ್ನಗಳು. ಹವಾಮಾನ, ಖಗೋಳ, ಚರಿತ್ರೆಗಳನ್ನು ದಾಟಿ ಸಂತೆ, ಸುಂಕ, ಸರ್ಕಾರದ ಸಾಲಕ್ಕೆ ಗೆರೆಯನ್ನು ಒಂದು ಪದ್ಧತಿಯಾಗಿ ತಂದವನು ಪ್ಲೇಫೇರ್.

ಅದಕ್ಕೆ ಬೇಕಾದ ಕೈ ಅವನಿಗೆ ಕಾರ್ಖಾನೆಯಲ್ಲಿ ಪಳಗಿತ್ತು. ಮೊದಲು, ಕಾಳು ಒಕ್ಕುವ ಯಂತ್ರದಿಂದ ಹೆಸರಾದ ಆಂಡ್ರ್ಯೂ ಮೀಕಲ್ ಬಳಿ ಕೆಲಸ ಕಲಿತ. 1777ರಲ್ಲಿ ಬರ್ಮಿಂಗ್‌ಹ್ಯಾಮಿನ ಬೋಲ್ಟನ್ ಅಂಡ್ ವಾಟ್ ಕಾರ್ಖಾನೆಗೆ ಸೇರಿ, ಉಗಿಯಂತ್ರದ ಜೇಮ್ಸ್ ವಾಟ್‌ಗೆ ನಕ್ಷೆಗಾರನೂ ಸಹಾಯಕನೂ ಆದ. ಯಂತ್ರದ ಒಂದೊಂದು ಭಾಗವನ್ನೂ ಅಳತೆಗೆ ತಕ್ಕಂತೆ ಕಾಗದಕ್ಕಿಳಿಸುವುದು ಅಲ್ಲಿಯ ದಿನದ ಕೆಲಸ. ಕೆಲವು ವರ್ಷಗಳಲ್ಲೇ ಅದನ್ನು ಬಿಟ್ಟು ಲಂಡನ್ನಿಗೆ ಬಂದು, ಪಾಲುದಾರನೊಬ್ಬನ ಜೊತೆ ಬೆಳ್ಳಿ ಸಾಮಾನಿನ ವ್ಯಾಪಾರ ಹೂಡಿ ಕೈಸುಟ್ಟುಕೊಂಡ. ಆಮೇಲೆ ಹಿಡಿದದ್ದು ಲೇಖನಿ.

ವ್ಯಾಪಾರದ ಲೆಕ್ಕಗಳು ಆಗ ಉದ್ದುದ್ದ ಕೋಷ್ಟಕಗಳಾಗಿ ಅಚ್ಚಾಗುತ್ತಿದ್ದವು. ಓದಿ ಪುಸ್ತಕ ಮುಚ್ಚಿದರೆ ತಲೆಯಲ್ಲಿ ಏನೂ ನಿಲ್ಲುವುದಿಲ್ಲ ಎಂಬುದು ಪ್ಲೇಫೇರನ ತಕರಾರು. ತನ್ನ ಪದ್ಧತಿಯನ್ನು ಅವನು ವಿವರಿಸಿದ್ದು ವರ್ತಕರಿಗೆ ತಿಳಿಯುವ ಹಾಗೆ. ವರ್ತಕನೊಬ್ಬ ಪ್ರತಿದಿನ ಬಂದ ಗಿನ್ನಿ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ, ದಿನಕ್ಕೊಂದು ರಾಶಿಯಂತೆ ಸಾಲಾಗಿ ಇಡುತ್ತ ಹೋಗಲಿ. ರಾಶಿಯ ಎತ್ತರವೇ ಆ ದಿನದ ಗಳಿಕೆ. ಸಾಲನ್ನು ಒಮ್ಮೆ ನೋಡಿದರೆ ಕಾಲ, ಮೊತ್ತ, ಏರಿಳಿತ ಮೂರೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಆ ರಾಶಿಗಳನ್ನೇ ತಾನು ಕಾಗದದ ಮೇಲೆ ಕುಗ್ಗಿಸಿ ಇಟ್ಟಿದ್ದೇನೆ, ಒಂದಂಗುಲಕ್ಕೆ ಲಕ್ಷಾಂತರ ಗಿನ್ನಿ ಎಂದು ಹಿಡಿದರಾಯಿತು, ಅಷ್ಟೇ ವ್ಯತ್ಯಾಸ ಎಂದ. ಹಣಕ್ಕೆ ಉದ್ದವಿದೆಯೇ, ಅದನ್ನು ಅಳತೆಗೋಲಿನಲ್ಲಿ ತೋರಿಸುವುದು ಸರಿಯೇ ಎಂದು ಕೇಳುವವರಿಗೆ ಇದೇ ಅವನ ಉತ್ತರ.

ಡೆನ್ಮಾರ್ಕ್ ಮತ್ತು ನಾರ್ವೆಯೊಡನೆ ಇಂಗ್ಲೆಂಡಿನ ವ್ಯಾಪಾರದ ಚಿತ್ರವನ್ನು ಇಂದು ತೆರೆದರೂ ಓದಲು ಯಾರ ಸಹಾಯವೂ ಬೇಡ. ಕೆಳಗೆ 1700ರಿಂದ 1780ರವರೆಗೆ ವರ್ಷಗಳು, ಬಲಬದಿಯಲ್ಲಿ ಪೌಂಡಿನ ಅಳತೆ. ಎರಡು ಗೆರೆ: ಆಮದು, ರಫ್ತು. ಶತಮಾನದ ಮೊದಲ ಅರ್ಧದಲ್ಲಿ ಆಮದಿನ ಗೆರೆ ಮೇಲೆ. ನಡುವೆ ಎರಡೂ ಒಂದನ್ನೊಂದು ದಾಟುತ್ತವೆ, ಅಲ್ಲಿಂದಾಚೆ ರಫ್ತು ಮೇಲೆ. ಗೆರೆಗಳ ನಡುವಿನ ಜಾಗಕ್ಕೆ ಬಣ್ಣ ತುಂಬಿ, ಒಂದು ಕಡೆ ಇಂಗ್ಲೆಂಡಿಗೆ ನಷ್ಟದ ಬಾಕಿ, ಇನ್ನೊಂದು ಕಡೆ ಲಾಭದ ಬಾಕಿ ಎಂದು ಬರೆದಿದ್ದಾನೆ. ಪೂರ್ವದೇಶಗಳ ಚಿತ್ರದಲ್ಲಿ ಈ ದಾಟುವಿಕೆ ಇಲ್ಲ. ಅಲ್ಲಿಂದ ಬಂದ ಸರಕಿನ ಗೆರೆ ಇಲ್ಲಿಂದ ಹೋದ ಸರಕಿನ ಗೆರೆಗಿಂತ ಬಹಳ ಮೇಲೆ. ಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ಕೆತ್ತಿದವನು ಸ್ಯಾಮ್ಯುಯೆಲ್ ನೀಲ್. ಅಚ್ಚಾದ ಮೇಲೆ ಒಂದೊಂದು ಹಾಳೆಗೂ ಕೈಯಲ್ಲೇ ಬಣ್ಣ ಹಚ್ಚಬೇಕಿತ್ತು.

ರಾಷ್ಟ್ರೀಯ ಸಾಲದ ಬಡ್ಡಿಯ ಚಿತ್ರದಲ್ಲಿ ಅವನ ಇನ್ನೊಂದು ಗುಣ ಕಾಣುತ್ತದೆ. ಇಲ್ಲಿ ಉದ್ದಗೆರೆಗಳು ಹತ್ತು ಹತ್ತು ವರ್ಷಕ್ಕೆ ಸಮನಾಗಿ ಬಿದ್ದಿಲ್ಲ. ಯುದ್ಧ ಶುರುವಾದ ವರ್ಷ, ಮುಗಿದ ವರ್ಷ, ಹೊಸ ರಾಜ ಪಟ್ಟಕ್ಕೆ ಬಂದ ವರ್ಷ, ಹೀಗೆ ಘಟನೆಗಳಿರುವಲ್ಲಿ ಬಿದ್ದಿವೆ. ಯುದ್ಧ ಬಂದಾಗಲೆಲ್ಲ ಗೆರೆ ಮೇಲಕ್ಕೆ ನೆಗೆಯುವುದನ್ನು ನೋಡಿದವನಿಗೆ ಸಾಲ ಏಕೆ ಬೆಳೆಯಿತೆಂದು ಬೇರೆ ಹೇಳಬೇಕಿಲ್ಲ. ಪ್ಲೇಫೇರ್ ಅಂಕಿ ಒಪ್ಪಿಸುವ ಗುಮಾಸ್ತನಲ್ಲ, ವಾದ ಹೂಡುವ ವಕೀಲ. ಗ್ರಾಫ್ ಹುಟ್ಟಿದ ದಿನದಿಂದಲೂ ಯಾರದೋ ಪರವಾಗಿ ಮಾತಾಡಿದೆ.

ಪುಸ್ತಕ ಹೊರಬರುವ ಮುನ್ನ ಮಾದರಿ ಹಾಳೆಗಳನ್ನು ಹಳೆಯ ಯಜಮಾನ ವಾಟ್‌ಗೆ ಕಳಿಸಿದ್ದ. ವಾಟ್ ಕೊಟ್ಟ ಸಲಹೆ ಇಷ್ಟು: ಚಿತ್ರ ಯಾವ ಅಂಕಿಗಳಿಂದ ಬಂತೋ ಆ ಕೋಷ್ಟಕವನ್ನೂ ಜೊತೆಗೆ ಅಚ್ಚು ಹಾಕು, ಚಿತ್ರವೊಂದನ್ನೇ ಜನ ಪ್ರಮಾಣವೆಂದು ನಂಬಲಾರರು. ಯಂತ್ರದ ಮನುಷ್ಯ ಆಡಿದ ಈ ಮಾತಿಗೆ ಮುಂದೆ ಇನ್ನೂ ತೂಕ ಬಂತು.

1787ರಲ್ಲಿ ಪ್ಲೇಫೇರ್ ಪ್ಯಾರಿಸ್ಸಿಗೆ ಹೋದ. ಅಟ್ಲಾಸ್ ಹದಿನಾರನೆಯ ಲೂಯಿಯ ಕೈಸೇರಿತು. ಭೂಗೋಳ ಬಲ್ಲ ರಾಜ ಅದನ್ನು ಕೂಡಲೇ ಅರ್ಥ ಮಾಡಿಕೊಂಡು ಮೆಚ್ಚಿದನೆಂದು ಪ್ಲೇಫೇರನೇ ಬರೆದಿದ್ದಾನೆ. 1789ರಲ್ಲಿ ಫ್ರೆಂಚ್ ಅನುವಾದವೂ ಬಂತು. ಆದರೆ ಫ್ರಾನ್ಸಿನಲ್ಲಿ ಅವನು ಬೇರೊಂದು ವ್ಯವಹಾರದಲ್ಲೂ ಸಿಕ್ಕಿಹಾಕಿಕೊಂಡ. ಅಮೆರಿಕದ ಒಹಾಯೊ ನದಿ ದಂಡೆಯ ಜಮೀನನ್ನು ಫ್ರೆಂಚರಿಗೆ ಮಾರುವ ಸಿಯೋಟೊ ಕಂಪನಿಯ ದಲ್ಲಾಳಿಗಳಲ್ಲಿ ಅವನೊಬ್ಬ. ದುಡ್ಡು ಕೊಟ್ಟು, ಸಮುದ್ರ ದಾಟಿ 1790ರಲ್ಲಿ ಅಲ್ಲಿಗೆ ಹೋದ ನೂರಾರು ಜನರಿಗೆ ಗೊತ್ತಾಗಿದ್ದು, ತಾವು ಕೊಂಡ ನೆಲದ ಹಕ್ಕುಪತ್ರಕ್ಕೆ ಬೆಲೆಯಿಲ್ಲವೆಂದು. ಲಂಡನ್ನಿಗೆ ಮರಳಿ ತೆರೆದ ಬ್ಯಾಂಕೂ ಮುಚ್ಚಿತು. ಸಾಲಕ್ಕಾಗಿ ಫ್ಲೀಟ್ ಸೆರೆಮನೆ ಕಂಡ. ಇಳಿವಯಸ್ಸಿನಲ್ಲಿ ಶ್ರೀಮಂತ ಮನೆತನವೊಂದನ್ನು ಬೆದರಿಸಿ ಹಣ ಕೀಳಲೂ ನೋಡಿದ. ಈ ನಡುವೆ 1805ರಲ್ಲಿ ಆಡಂ ಸ್ಮಿತ್‌ನ ‘ವೆಲ್ತ್ ಆಫ್ ನೇಷನ್ಸ್’ ಗ್ರಂಥದ ಹನ್ನೊಂದನೆಯ ಆವೃತ್ತಿಯನ್ನು ಟಿಪ್ಪಣಿ ಸಹಿತ ಸಂಪಾದಿಸಿದವನೂ ಇವನೇ.

1801ರಲ್ಲಿ ‘ದಿ ಸ್ಟಾಟಿಸ್ಟಿಕಲ್ ಬ್ರೀವಿಯರಿ’ ಎಂಬ ಚಿಕ್ಕ ಪುಸ್ತಕ ಬಂತು. ಇದರಲ್ಲಿ ಯುರೋಪಿನ ಒಂದೊಂದು ದೇಶವೂ ಒಂದೊಂದು ವೃತ್ತ, ವಿಸ್ತಾರಕ್ಕೆ ತಕ್ಕ ಗಾತ್ರ. ತುರ್ಕಿ ಸಾಮ್ರಾಜ್ಯ ಮೂರು ಖಂಡಗಳಲ್ಲಿ ಹರಡಿತ್ತು. ಅದನ್ನು ತೋರಿಸಲು ಅವನು ವೃತ್ತವನ್ನೇ ಏಷ್ಯಾ, ಯುರೋಪ್, ಆಫ್ರಿಕಾ ಎಂದು ಮೂರು ಹೋಳು ಮಾಡಿ ಮೂರು ಬಣ್ಣ ಕೊಟ್ಟ. ಪೈ ಚಾರ್ಟ್ ಹುಟ್ಟಿದ್ದು ಹೀಗೆ. ಯುರೋಪಿನ ಜೊತೆಗೆ ಹಿಂದೂಸ್ತಾನದ ಆಳುವ ಶಕ್ತಿಗಳನ್ನೂ ಇದೇ ರೀತಿ ತೋರಿಸಿರುವುದಾಗಿ ಪುಸ್ತಕದ ಶೀರ್ಷಿಕೆಯೇ ಸಾರುತ್ತದೆ. ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತು ಆಗಿನ್ನೂ ಎರಡೇ ವರ್ಷ. ಯಾರ ಬಳಿ ಎಷ್ಟು ನೆಲ, ಎಷ್ಟು ಜನ, ಎಷ್ಟು ವರಮಾನ ಎಂದು ಒಂದೇ ನೋಟಕ್ಕೆ ತಿಳಿಯುವ ಚಿತ್ರಕ್ಕೆ ಆಗಿನ ಲಂಡನ್ನಿನಲ್ಲಿ ಗಿರಾಕಿಗಳಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಇದೇ ಪುಸ್ತಕದಲ್ಲಿ ಅವನು ಎಡವಿದ್ದೂ ಇದೆ. ಪ್ರತಿ ವೃತ್ತದ ಎಡಕ್ಕೆ ಜನಸಂಖ್ಯೆಯ ಕಡ್ಡಿ, ಬಲಕ್ಕೆ ರಾಜಾದಾಯದ ಕಡ್ಡಿ. ಎರಡರ ತುದಿಗಳನ್ನು ಸೇರಿಸುವ ಓರೆಗೆರೆ ಯಾವ ಕಡೆ ವಾಲುತ್ತದೋ ಅದನ್ನು ನೋಡಿ ಜನರ ಮೇಲೆ ತೆರಿಗೆಯ ಹೊರೆ ಎಷ್ಟೆಂದು ತಿಳಿಯಿರಿ ಎಂದ. ಬ್ರಿಟನ್ನಿನ ಗೆರೆ ಎದ್ದುಕಾಣುವಂತೆ ಆದಾಯದ ಕಡೆ ಏರಿತ್ತು. ಆದರೆ ಕಡ್ಡಿಗಳ ನಡುವೆ ಇರುವುದು ವೃತ್ತ. ದೇಶ ದೊಡ್ಡದಾದರೆ ವೃತ್ತ ಅಗಲ, ವೃತ್ತ ಅಗಲವಾದರೆ ಓರೆ ಕಡಿಮೆ. ಅಂದರೆ ತೆರಿಗೆ ಅಷ್ಟೇ ಇದ್ದರೂ ದೊಡ್ಡ ದೇಶದ ಹೊರೆ ಹಗುರವಾಗಿ ಕಾಣುತ್ತದೆ. ಕಣ್ಣಿಗೆ ಮೊದಲು ಬೀಳುವ ಗೆರೆಯೇ ಲೆಕ್ಕಕ್ಕೆ ನಿಲ್ಲದ ಗೆರೆ.

1821ರಲ್ಲಿ, ಸಾಯುವ ಎರಡು ವರ್ಷ ಮೊದಲು, ಅವನು ತನ್ನ ಅತ್ಯಂತ ಪ್ರಸಿದ್ಧ ಚಿತ್ರವೊಂದನ್ನು ಪ್ರಕಟಿಸಿದ. 1565ರಿಂದ 1821ರವರೆಗಿನ ಗೋಧಿಯ ಬೆಲೆ ಕಂಬಗಳಾಗಿ, ಕುಶಲ ಕೆಲಸಗಾರರ ವಾರದ ಕೂಲಿ ಗೆರೆಯಾಗಿ, ಎಲ್ಲಕ್ಕೂ ಮೇಲೆ ಒಂದನೆಯ ಎಲಿಜಬೆತ್‌ಳಿಂದ ನಾಲ್ಕನೆಯ ಜಾರ್ಜ್‌ವರೆಗಿನ ಆಳ್ವಿಕೆಗಳು. ಎರಡೂವರೆ ಶತಮಾನ ಒಂದೇ ಹಾಳೆಯಲ್ಲಿ. ಕೂಲಿಗೆ ಹೋಲಿಸಿದರೆ ಗೋಧಿ ಹಿಂದೆಂದೂ ಇಷ್ಟು ಅಗ್ಗವಿರಲಿಲ್ಲ ಎಂಬುದು ಅವನ ವಾದ. ಆದರೆ ಚಿತ್ರದಲ್ಲಿ ಕಣ್ಣು ಹಿಡಿಯುವುದು ಎತ್ತರದ ಕಂಬಗಳನ್ನೇ. ಗೋಧಿ ಕೊಳ್ಳಲು ಎಷ್ಟು ವಾರದ ದುಡಿಮೆ ಬೇಕಾಗಿತ್ತೆಂಬ ಒಂದೇ ಗೆರೆ ಎಳೆದಿದ್ದರೆ ಮಾತು ಮುಗಿಯುತ್ತಿತ್ತು. ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಡುವುದು ಬೇರೆ, ಅವುಗಳ ಅನುಪಾತವನ್ನು ತೋರಿಸುವುದು ಬೇರೆ ಎಂಬುದು ಗ್ರಾಫ್ ಕಂಡುಹಿಡಿದವನಿಗೂ ತಪ್ಪಿಹೋಗಿತ್ತು.

1823ರಲ್ಲಿ ಅವನು ಲಂಡನ್ನಿನಲ್ಲಿ ಬಡತನದಲ್ಲೇ ತೀರಿಕೊಂಡ. ಅವನ ಚಿತ್ರಗಳನ್ನು ಬ್ರಿಟನ್ ಬಹುಕಾಲ ಮೂಸಿ ನೋಡಲಿಲ್ಲ. ಸಂಖ್ಯೆ ಎಂದರೆ ಕೋಷ್ಟಕ, ಚಿತ್ರ ಎಂದರೆ ಅಲಂಕಾರ ಎಂಬುದು ಪಂಡಿತರ ನಿಲುವು. ಕೆತ್ತನೆ, ಬಣ್ಣದ ಖರ್ಚು ಬೇರೆ. ಲೇಖಕನ ಹೆಸರೂ ನಂಬಿಕೆ ಹುಟ್ಟಿಸುವಂಥದ್ದಾಗಿರಲಿಲ್ಲ. ಯುರೋಪ್ ಖಂಡದಲ್ಲಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಇಂಥ ಚಿತ್ರಗಳನ್ನು ಬಳಸಿದ. ಇಂಗ್ಲೆಂಡಿನಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1860ರ ದಶಕದಲ್ಲಿ ಬೆಲೆಗಳ ಏರಿಳಿತವನ್ನು ಗ್ರಾಫ್‌ಗಳಲ್ಲಿ ತೋರಿಸಿದ ಮೇಲೆ ಪದ್ಧತಿಗೆ ಮರ್ಯಾದೆ ಬಂತು. ಅಷ್ಟರೊಳಗೆ, 1858ರಲ್ಲಿ, ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯಾ ಯುದ್ಧದ ಸೈನಿಕರ ಸಾವುಗಳನ್ನು ಬಣ್ಣದ ಹೋಳುಗಳಲ್ಲಿ ಬಿಡಿಸಿ, ಗಾಯಕ್ಕಿಂತ ತಡೆಯಬಹುದಾದ ರೋಗಕ್ಕೆ ಬಲಿಯಾದವರೇ ಹೆಚ್ಚೆಂದು ಅಧಿಕಾರಸ್ಥರ ಕಣ್ಣಿಗೆ ರಾಚುವಂತೆ ಮಾಡಿದ್ದಳು. 1885ರಲ್ಲಿ ಲಂಡನ್ನಿನ ಸ್ಟಾಟಿಸ್ಟಿಕಲ್ ಸೊಸೈಟಿಯ ಐವತ್ತರ ಸಂಭ್ರಮದಲ್ಲಿ ಆಲ್ಫ್ರೆಡ್ ಮಾರ್ಷಲ್ ಗ್ರಾಫ್ ಪದ್ಧತಿಯ ಬಗ್ಗೆಯೇ ಪ್ರಬಂಧ ಓದಿದ. ಪ್ಲೇಫೇರನ ಅಟ್ಲಾಸ್ ಬಂದು ಆಗ ನೂರು ವರ್ಷ ತುಂಬುವುದರಲ್ಲಿತ್ತು.

ಇಂದು ಬಜೆಟ್ ಇರಲಿ, ಮಳೆಯ ಲೆಕ್ಕವಿರಲಿ, ಮತ ಎಣಿಕೆಯಿರಲಿ, ಪ್ಲೇಫೇರನ ಗೆರೆ, ಕಂಬ, ಹೋಳುಗಳಿಲ್ಲದೆ ಸುದ್ದಿಯಿಲ್ಲ. ಅವನು ಕೊಟ್ಟ ಸಾಧನ ದೊಡ್ಡದು. ಅದರ ಜೊತೆಗೆ ಅವನ ವಕೀಲಿಕೆಯೂ ನಮಗೆ ಬಂದಿದೆ. ಕಂಬ ಸೊನ್ನೆಯಿಂದ ಎದ್ದಿದೆಯೇ ಅಥವಾ ನಡುವಿನಿಂದ ಎದ್ದು ಚಿಕ್ಕ ವ್ಯತ್ಯಾಸವನ್ನು ದೊಡ್ಡದು ಮಾಡಿದೆಯೇ? ಗೆರೆ ಶುರುವಾಗುವ ವರ್ಷವನ್ನು ಆರಿಸಿದವರು ಯಾರು? ಹೋಳುಗಳೆಲ್ಲ ಸೇರಿ ನೂರಾಗುತ್ತವೆಯೇ? ಮುಂದಿನ ಸಲ ಪತ್ರಿಕೆಯಲ್ಲಿ ಒಂದು ಗ್ರಾಫ್ ಕಂಡಾಗ ಇಷ್ಟನ್ನು ಕೇಳಿ, ವಾಟ್ ಹೇಳಿದ ಆ ಕೋಷ್ಟಕವನ್ನೂ ಹುಡುಕಿ. ಕೋಷ್ಟಕ ಕೊಡದ ಗ್ರಾಫನ್ನು ಅರ್ಧ ನಂಬಿದರೆ ಸಾಕು.