ದತ್ತಸಂಚಯಗಳ ಸ್ವಯಂಚಾಲಿತ ಪರೀಕ್ಷೆ

ರೈತನಿಗೆ ಪಹಣಿಯೆಂಬುದು ಬರಿಯ ಕಾಗದವಲ್ಲ. ಅದು ಅವನ ಹಕ್ಕಿನ ಸಾಕ್ಷಿ. ಹಿಂದೆ ಶಾನುಭೋಗರ, ಅನಂತರ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಈ ದಾಖಲೆಗಳು ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯ ಮೂಲಕ 2000ದ ಸುಮಾರಿಗೆ ಗಣಕಯಂತ್ರವನ್ನು ಸೇರಿದವು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳಿಗೆ ಹೀಗೆ ಹೊಸ ನೆಲೆ ದೊರೆಯಿತು.

ಇಂತಹ ದಾಖಲೆಗಳನ್ನು ಕೋಷ್ಟಕಗಳಾಗಿ ವಿಂಗಡಿಸಿ ಇಡುವ ವ್ಯವಸ್ಥೆಗೆ ಸಂಬಂಧಾತ್ಮಕ ದತ್ತಸಂಚಯವೆಂದು ಹೆಸರು. ಇದರ ತತ್ತ್ವವನ್ನು 1970ರಲ್ಲಿ ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ ನಿರೂಪಿಸಿದರು. ಮಾಲೀಕರದೊಂದು ಕೋಷ್ಟಕ, ಜಮೀನುಗಳದೊಂದು ಕೋಷ್ಟಕ. ಇವೆರಡನ್ನೂ ಬೆಸೆಯುವುದು ಒಂದು ಗುರುತುಸಂಖ್ಯೆ. ಆ ಬೆಸುಗೆ ತಪ್ಪಿದರೆ ಒಬ್ಬರ ಹೊಲ ಮತ್ತೊಬ್ಬರ ಹೆಸರಿಗೆ ಸೇರೀತು.

ಮೈಸೂರಿನ ಯಾದವಗಿರಿಯಲ್ಲಿ ನೆಲೆಸಿರುವ ಗೃಹಸ್ಥನೊಬ್ಬನಿಗೆ ಹುಟ್ಟೂರಿನಲ್ಲಿ 2 ಎಕರೆ 10 ಗುಂಟೆ ಹೊಲವಿದೆಯೆನ್ನೋಣ. ಅದರಲ್ಲಿ 1 ಎಕರೆ 20 ಗುಂಟೆಯನ್ನು ಮಾರಿದರೆ ಉಳಿಯುವುದು 30 ಗುಂಟೆ. ಏಕೆಂದರೆ ಎಕರೆಗೆ 40 ಗುಂಟೆ. ತಂತ್ರಾಂಶ ಬರೆದವನು ಮೈಮರೆತು 2.10ರಿಂದ 1.20ನ್ನು ದಶಾಂಶದಂತೆ ಕಳೆದರೆ ಬರುವುದು 0.90, ಎಂದರೆ 90 ಗುಂಟೆ. ಮೊದಲಿದ್ದ ಹೊಲವೂ 90 ಗುಂಟೆಯೇ! ಮಾರಿದ ಮೇಲೂ ಹೊಲ ಕುಗ್ಗಲಿಲ್ಲವೆಂದಾಯಿತು.

ಇಂತಹ ದೋಷವನ್ನು ಮುಂಚೆಯೇ ಹಿಡಿಯುವ ಸಾಧನವೇ ಸ್ವಯಂಚಾಲಿತ ಪರೀಕ್ಷೆ. ನಿಜವಾದ ದಾಖಲೆಗಳನ್ನು ಮುಟ್ಟದೆ, ಪರೀಕ್ಷೆಗೆಂದೇ ಪ್ರತ್ಯೇಕ ದತ್ತಸಂಚಯವೊಂದನ್ನು ಸಿದ್ಧಪಡಿಸುತ್ತಾರೆ. ಅದರಲ್ಲಿ ಗೊತ್ತಾದ ಕೆಲವು ದಾಖಲೆಗಳನ್ನಿಟ್ಟು, ವ್ಯವಹಾರವನ್ನು ನಡೆಸಿ, ಬಂದ ಉತ್ತರವನ್ನು ಬರಬೇಕಾದ ಉತ್ತರದೊಡನೆ ಯಂತ್ರವೇ ಹೋಲಿಸುತ್ತದೆ. ವ್ಯವಹಾರದ ನಡುವೆ ಅಡಚಣೆಯೊಡ್ಡಿಯೂ ನೋಡುತ್ತದೆ: ಮಾರಿದವನ ಲೆಕ್ಕದಲ್ಲಿ ಕಳೆದದ್ದು ಕೊಂಡವನ ಲೆಕ್ಕಕ್ಕೆ ಸೇರದಿದ್ದರೆ, ಕಳೆದದ್ದೂ ರದ್ದಾಗಬೇಕು. ಪರೀಕ್ಷೆ ಮುಗಿದೊಡನೆ ಎಲ್ಲವನ್ನೂ ಮೊದಲಿನ ಸ್ಥಿತಿಗೆ ಮರಳಿಸಲಾಗುತ್ತದೆ. ಇಲ್ಲವಾದರೆ ಒಂದು ಪರೀಕ್ಷೆಯ ಶೇಷ ಮುಂದಿನ ಪರೀಕ್ಷೆಯನ್ನು ಕೆಡಿಸುತ್ತದೆ.

ತಂತ್ರಾಂಶದಲ್ಲಿ ಒಂದು ಸಾಲು ಬದಲಾದರೂ ಈ ಪರೀಕ್ಷೆಗಳೆಲ್ಲವೂ ಮತ್ತೆ ನಡೆಯಬೇಕು. ನೂರನೆಯ ಸಲ ಪರೀಕ್ಷಿಸುವಾಗ ಮನುಷ್ಯನ ಕಣ್ಣು ಸೋಲುತ್ತದೆ. ಯಂತ್ರಕ್ಕೆ ಆ ಬೇಸರವಿಲ್ಲ.

ಆದರೆ ಯಂತ್ರಕ್ಕೆ ಒಂದು ಮಿತಿಯುಂಟು. ಹಳೆಯ ಪುಸ್ತಕದಿಂದಲೇ ತಪ್ಪಾಗಿ ಬಂದ ಹೆಸರನ್ನು ಅದು ತಿದ್ದಲಾರದು. ಮನುಷ್ಯನು ಕೇಳದ ಪ್ರಶ್ನೆಯನ್ನು ತಾನಾಗಿ ಕೇಳಲಾರದು. ಉಳಿಯಬೇಕಾದದ್ದು 30 ಗುಂಟೆಯೆಂದು ಮೊದಲು ಬರೆದಿಡಬೇಕಾದವನು ಗುಂಟೆಯ ಲೆಕ್ಕವನ್ನೂ ರೈತನ ಕಷ್ಟವನ್ನೂ ಬಲ್ಲವನಾಗಿರಬೇಕು. ಯಂತ್ರವನ್ನು ಕಲಿಯುವ ವಿದ್ಯಾರ್ಥಿಗಳು ನೆಲದ ಈ ಲೆಕ್ಕವನ್ನೂ ಮರೆಯದಿರುವುದು ಒಳ್ಳೆಯದು.