ಹಿಂಬದಿ ಮುಚ್ಚಳದೊಳಗಿನ ಬರಹ

ಕಪ್ಪು ಪರದೆಯ ನಡುವೆ ಎಡದಿಂದ ಬಲಕ್ಕೆ ಒಂದೇ ಒಂದು ಬಿಳಿ ಗೆರೆ. ಉಳಿದದ್ದೆಲ್ಲ ಕತ್ತಲೆ.

ಕೊಪ್ಪದ ಬಾಳಗಡಿಯ ಟಿ.ವಿ. ರಿಪೇರಿ ಅಂಗಡಿಯೊಂದರ ಮೇಜಿನ ಮೇಲೆ ಕೂತಿದ್ದದ್ದು ಟಿ.ವಿ. ಅಲ್ಲ, ಹಿಂದೆ ನಾಣ್ಯ ಹಾಕಿ ಆಡುತ್ತಿದ್ದ ವಿಡಿಯೊ ಗೇಮ್ ಪೆಟ್ಟಿಗೆಯ ಮಾನಿಟರ್. ಶೃಂಗೇರಿ ಕಡೆಯ ಹೋಂಸ್ಟೇಯವರು ಅತಿಥಿಗಳ ಮಕ್ಕಳಿಗೆಂದು ಎಲ್ಲಿಂದಲೋ ತಂದಿಟ್ಟಿದ್ದರಂತೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಚಿತ್ರ ಹೋಗಿ ಗೆರೆ ಉಳಿಯಿತು.

"ಮೊದಲು ಬ್ರೈಟ್‌ನೆಸ್ ಇಳಿಸ್ಬೇಕು ಮಾರಾಯ್ರೆ. ಇಲ್ದಿದ್ರೆ ಆ ಗೆರೆ ಪರದೆಯಲ್ಲೇ ಸುಟ್ಟು ಕೂರ್ತದೆ. ಆಮೇಲೆ ಎಂತ ಮಾಡಿದ್ರೂ ಹೋಗಲ್ಲ" ಎಂದರು ಅಂಗಡಿಯ ಹಿರಿಯರು. ಪತ್ರಿಕೆಯಲ್ಲಿ ತಮ್ಮ ಹೆಸರು ಬೇಡ, ಕೆಲಸದ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ ಎಂದವರು ಅವರು.

ಟ್ಯೂಬಿನ ಹಿಂಭಾಗದಿಂದ ಹೊರಡುವ ಎಲೆಕ್ಟ್ರಾನ್ ಕಿರಣವನ್ನು ಅಡ್ಡಕ್ಕೆ ಎಳೆಯುವ ಸರ್ಕಿಟ್ ಬೇರೆ, ಮೇಲಿಂದ ಕೆಳಕ್ಕೆ ಎಳೆಯುವ ಸರ್ಕಿಟ್ ಬೇರೆ. ನಮ್ಮ ಹಳೆಯ ಟಿ.ವಿ.ಗಳಲ್ಲಿ ಆ ಕಿರಣ ಸೆಕೆಂಡಿಗೆ 15,625 ಸಲ ಅಡ್ಡ ಓಡಿದರೆ, 50 ಸಲ ಕೆಳಕ್ಕೆ ಇಳಿಯುತ್ತದೆ. ಅಡ್ಡಗೆರೆ ಕಾಣುತ್ತಿದೆ ಎಂದರೆ ಟ್ಯೂಬು ಜೀವಂತ, ಅದಕ್ಕೆ ಹೈ ವೋಲ್ಟೇಜ್ ಕೊಡುವ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಅಂದರೆ ಎಲ್‌ಒಟಿ, ಜೀವಂತ. ಸತ್ತಿರುವುದು ವರ್ಟಿಕಲ್ ಭಾಗ ಮಾತ್ರ. ಸ್ಕ್ರೂ ಬಿಚ್ಚುವ ಮೊದಲೇ ಅವರು ಇಷ್ಟನ್ನು ಹೇಳಿ ಮುಗಿಸಿದ್ದರು.

ಬಿಚ್ಚಿದ ಮೇಲೆ ಆತುರವಿಲ್ಲ. ಬಣ್ಣದ ಟ್ಯೂಬಿನೊಳಗೆ 20ರಿಂದ 25 ಸಾವಿರ ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ನಿಂತಿರಬಹುದು. ಉದ್ದ ಸ್ಕ್ರೂಡ್ರೈವರಿಗೆ ವೈರ್ ಸುತ್ತಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಹೊರಮೈ ಬಳಸಿರುವ ಅರ್ಥ್ ತಂತಿಗೆ ಕಚ್ಚಿಸಿ, ಎಡಗೈ ಬೆನ್ನ ಹಿಂದಿಟ್ಟುಕೊಂಡು, ಟ್ಯೂಬಿನ ಪಕ್ಕದ ರಬ್ಬರ್ ಬಟ್ಟಲಿನ ಕೆಳಗೆ ತುದಿಯನ್ನು ಮೆಲ್ಲನೆ ತೂರಿಸಿದರು. ಚಟ್ ಎಂದಿತು. ಒಂದು ಕೈ ಯಾಕೆ ಹಿಂದೆ ಎಂದು ಕೇಳಿದೆ. ಎರಡೂ ಕೈ ಒಳಗಿದ್ದರೆ ಕರೆಂಟು ಎದೆಯ ಮೂಲಕ ದಾಟುತ್ತದೆ ಎಂದರು. ಈ ಮಾತನ್ನು ಅವರು ನನಗೆ ಮೂರು ಸಲ ಹೇಳಿದರು.

ತಪ್ಪು ಸಿಕ್ಕಿದ್ದು ಭೂತಗನ್ನಡಿಯಲ್ಲಿ. ವರ್ಟಿಕಲ್ ಐಸಿಯ ಕಾಲೊಂದರ ಸುತ್ತ, ಬೆಸುಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ. ಐಸಿ ಕಾದು ತಣಿದು, ಕಾದು ತಣಿದು, ಅಲ್ಲಿ ಬೆಸುಗೆ ಬಿರುಕು ಬಿಟ್ಟಿದೆ. ಪಕ್ಕದ ಕಂಡೆನ್ಸರಿನ ತಲೆಯೂ ಉಬ್ಬಿತ್ತು. ಹಳೆಯ ಬೆಸುಗೆ ಹೀರಿ ತೆಗೆದು ಹೊಸದು ಹಾಕಿ, ಕಂಡೆನ್ಸರ್ ಬದಲಿಸಿ, ನೂರು ವ್ಯಾಟಿನ ಸೀರೀಸ್ ಬಲ್ಬಿನ ಮೂಲಕ ಕರೆಂಟು ಕೊಟ್ಟರು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಹೇಳುತ್ತದೆ. ಅದು ಮಿಣುಕಿ ತಣ್ಣಗಾಯಿತು. ಗೆರೆ ನಡುವಿನಿಂದ ಮೇಲಕ್ಕೂ ಕೆಳಕ್ಕೂ ಬಿಚ್ಚಿಕೊಂಡು ಚಿತ್ರವಾಯಿತು.

ಆಟದ ಮಾನಿಟರಿಗೂ ಮನೆಯ ಟಿ.ವಿ.ಗೂ ಅಂಥ ದೂರವೇನಿಲ್ಲ. 1972ರಲ್ಲಿ ಅಮೆರಿಕದ ಅಟಾರಿ ಕಂಪನಿ 'ಪಾಂಗ್' ಆಟದ ಮೊದಲ ಮಾದರಿ ಕಟ್ಟಿದ್ದು ಅಂಗಡಿಯಿಂದ ಕೊಂಡು ತಂದ ಕಪ್ಪುಬಿಳುಪು ಟಿ.ವಿ.ಯನ್ನೇ ಒಳಗಿಟ್ಟು. ಮಾನಿಟರಿಗೆ ಟ್ಯೂನರ್ ಇರುವುದಿಲ್ಲ. ಕೆಂಪು, ಹಸಿರು, ನೀಲಿ ನೇರವಾಗಿ ಬರುತ್ತವೆ. ಹಲವು ಮಾನಿಟರ್‌ಗಳಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಕರೆಂಟು ಕೊಡುವಂತಿಲ್ಲ. ಕೊಟ್ಟರೆ ಚಾಸಿಯೇ ಶಾಕ್ ಹೊಡೆಯುತ್ತದೆ.

ಅಂಗಡಿಯ ಚರಿತ್ರೆಯನ್ನು ಅವರು ಧಾರಾವಾಹಿಗಳ ಲೆಕ್ಕದಲ್ಲಿ ಹೇಳುತ್ತಾರೆ. ಶಂಕರ್‌ನಾಗ್ ಇಲ್ಲೇ ಹತ್ತಿರದ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ಬರುವಾಗ ರೇಡಿಯೊ ಕೆಲಸದಿಂದ ಟಿ.ವಿ.ಗೆ ಬಂದಿದ್ದರು. 1987ರ ಜನವರಿಯಲ್ಲಿ 'ರಾಮಾಯಣ' ಶುರುವಾದ ಮೇಲೆ ಶನಿವಾರ ರಾತ್ರಿ ನಿದ್ದೆಯಿಲ್ಲ. ಭಾನುವಾರ ಬೆಳಿಗ್ಗೆಯೊಳಗೆ ಸೆಟ್ಟು ಮನೆ ಸೇರಬೇಕು. ಏಪ್ರಿಲ್–ಮೇಯಲ್ಲಿ ಸಿಡಿಲಿನ ಕೇಸು, ಅಡಿಕೆ ಮರಕ್ಕೆ ಕಟ್ಟಿದ ಆಂಟೆನಾದಿಂದ ಇಳಿದು ಟ್ಯೂನರ್ ಸುಟ್ಟದ್ದು. ಜುಲೈಯಲ್ಲಿ ಥಂಡಿಯ ಕೇಸು, ಟ್ಯೂಬಿನ ಹೈ ವೋಲ್ಟೇಜ್ (ಇ.ಎಚ್.ಟಿ.) ಚರ್ ಚರ್ ಎನ್ನುವುದು.

ನಾನು ನಿಜವಾಗಿ ಬೆರಗಾದದ್ದು ಗೋಡೆಗೆ ಒರಗಿಸಿದ್ದ ಹಳೆಯ ಸೆಟ್ಟೊಂದರ ಹಿಂಬದಿ ಮುಚ್ಚಳ ತಿರುಗಿಸಿದಾಗ. ಒಳಮೈಯಲ್ಲಿ, ಧೂಳಿನ ಕೆಳಗೆ, ಮಾರ್ಕರಿನಲ್ಲಿ ದುಂಡಗಿನ ಅಕ್ಷರ: ತಾರೀಖು, ಬದಲಿಸಿದ ಬಿಡಿಭಾಗದ ನಂಬರು, ಕೆಳಗೆ "ಸಿಡಿಲು". ಅದರಡಿ ಮೂರು ವರ್ಷದ ನಂತರದ ತಾರೀಖು, "ಎಲ್‌ಒಟಿ ಹೊಸತು". ಮತ್ತೊಂದರಲ್ಲಿ "ಥಂಡಿ, ಕ್ಲೀನ್ ಮಾತ್ರ, ದುಡ್ಡು ತೆಗೆದುಕೊಂಡಿಲ್ಲ". ಅವರು ಬಿಚ್ಚಿದ ಪ್ರತಿ ಸೆಟ್ಟಿನೊಳಗೂ ಹೀಗೊಂದು ಬರಹ ಇದೆಯಂತೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಎಷ್ಟು ಮನೆಗಳ ಅಟ್ಟದಲ್ಲಿ, ಯಾರೂ ಓದದ ಎಷ್ಟು ಬರಹಗಳಿವೆಯೋ.

"ಯಾರಿಗೆ ಬರೀತೀರಿ?"

"ಮುಂದೆ ತೆಗೆಯುವವನಿಗೆ. ನಾನೇ ಆಗ್ಬೇಕು ಅಂತ ಇಲ್ವಲ್ಲ."

ಕಲಿಯಲು ಬಂದ ಹುಡುಗರು ಮೊಬೈಲ್ ರಿಪೇರಿಗೆ ಹೋದರು. ಅವರ ಮೇಲೆ ಇವರಿಗೆ ಬೇಸರವಿಲ್ಲ. ಹೊಸ ಎಲ್‌ಒಟಿ ಸಿಗುವುದಿಲ್ಲ, ಗುಜರಿಯ ಸೆಟ್ಟುಗಳಿಂದಲೇ ಬಿಚ್ಚಿಕೊಳ್ಳಬೇಕು. ಎಲ್‌ಸಿಡಿ ಕೂರಿಸಬಹುದಲ್ಲ ಎಂದರೆ, ಪರದೆಗೆ ಗುರಿಯಿಟ್ಟು ಗುಂಡು ಹೊಡೆಯುವ ಹಳೆಯ ಆಟಗಳನ್ನು ನೆನಪಿಸಿದರು. ಕಿರಣ ಪರದೆಯನ್ನು ಹಾದುಹೋಗುವ ಕ್ಷಣವನ್ನು ಹಿಡಿದು ಆ ಬಂದೂಕು ಗುರಿ ಲೆಕ್ಕ ಹಾಕುತ್ತದೆ. ಎಲ್‌ಸಿಡಿಯಲ್ಲಿ ಆ ಕಿರಣವೇ ಇಲ್ಲ. ನಮ್ಮ ಐಟಿಐಗಳ ಒಂದು ಮೂಲೆಯಲ್ಲಾದರೂ ನಾಲ್ಕು ಟ್ಯೂಬ್ ಸೆಟ್ಟುಗಳು, ಅವನ್ನು ಬಿಚ್ಚಿ ತೋರಿಸುವ ಇಂಥವರೊಬ್ಬರು ಇರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಸಂಜೆ ಹೋಂಸ್ಟೇಯ ಜೀಪು ಬಂತು. ಮಾನಿಟರನ್ನು ಪೆಟ್ಟಿಗೆಯೊಳಗೆ ಕೂರಿಸಿದ್ದಾಗಿತ್ತು. ಹಿಂದಿನ ಹಲಗೆ ಮುಚ್ಚುವ ಮೊದಲು ಅವರು ಕನ್ನಡಕ ಏರಿಸಿ, ಮಾರ್ಕರ್ ಅಲುಗಾಡಿಸಿ, ಒಳಮೈಯಲ್ಲಿ ತಾರೀಖು ಬರೆದರು. ಕಂಡೆನ್ಸರಿನ ನಂಬರು ಬರೆದರು. ಸ್ವಲ್ಪ ತಡೆದು, ಎಲ್‌ಒಟಿಯ ನಂಬರನ್ನೂ ಬರೆದು, ಅದರ ಮುಂದೆ "ಸ್ಪೇರ್ ಒಂದು ನನ್ನಲ್ಲಿದೆ" ಎಂದು ಸೇರಿಸಿದರು. ಆಮೇಲೆ ಒಂದೊಂದೇ ಸ್ಕ್ರೂ ಬಿಗಿದರು.